ಮಿಡತೆ ಏನಂದಳು?

ನನ್ನ ಮಗಳು ಸಿನಿಮಾ ನೋಡುವುದನ್ನು ನೋಡಿ ನಾನು ಸಿನಿಮಾ ವಿಮರ್ಶೆ ಬರೆಯುತ್ತಿದ್ದೆ. ಹೀಗೆಂದರೆ ಜನ ನಗುತ್ತಾರೆ, ಆದರೆ ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಕಂಪ್ಯೂಟರಿನಲ್ಲಿ ತಯಾರಾಗುವ ಮಕ್ಕಳ ಸಿನಿಮಾಗಳು ಆಗಿನ್ನೂ ಹೊಸದಾಗಿ ಬರುತ್ತಿದ್ದವು. ನಾನು ಪತ್ರಿಕೆಯ ಭಾನುವಾರದ ಪುರವಣಿಗೆ ಬಟ್ಟೆಯ ಕಲೆ ತೆಗೆಯುವುದು ಹೇಗೆ, ಮಳೆಗಾಲದಲ್ಲಿ ಕಪಾಟಿನ ಮುಗ್ಗಲು ವಾಸನೆಗೆ ಏನು ಮಾಡಬೇಕು ಎಂಬಂಥ ಸಣ್ಣಪುಟ್ಟ ಬರಹಗಳನ್ನು ಕೊಡುತ್ತಿದ್ದೆ. ಒಂದು ದಿನ ಪುರವಣಿಯ ಸಂಪಾದಕರು ಎರಡು ಪಾಸುಗಳನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು.

"ಈ ಬೊಂಬೆ ಸಿನಿಮಾಗೆ ನಮ್ಮ ಸಿನಿಮಾ ವಿಭಾಗದ ಘನವಂತರು ಯಾರೂ ಹೋಗಲ್ವಂತೆ. ಮರ್ಯಾದೆ ಕಡಿಮೆ ಆಗುತ್ತಂತೆ. ನಿಮ್ಮನೇಲಿ ಚಿಕ್ಕ ಮಗು ಇದೆಯಲ್ಲಮ್ಮ, ಹೋಗ್ಬನ್ನಿ," ಎಂದರು.

ಮಗಳು ಆಗ ಸೀಟಿನಲ್ಲಿ ಕುಳಿತರೆ ಅವಳ ಭಾರಕ್ಕೆ ಸೀಟು ಬಗ್ಗುತ್ತಲೂ ಇರಲಿಲ್ಲ, ಮತ್ತೆ ಮತ್ತೆ ಮಡಚಿಕೊಂಡು ಅವಳನ್ನು ಒಳಗೆ ನುಂಗುತ್ತಿತ್ತು. ನಾನು ಒಂದು ಕೈಯಿಂದ ಅದನ್ನು ಅದುಮಿ ಹಿಡಿದು, ಅರ್ಧ ಅವಳ ಕಡೆ ತಿರುಗಿ ಕೂರಬೇಕಾಯಿತು. ಹಾಗೆ ಕೂತವಳು ಪರದೆಗಿಂತ ಹೆಚ್ಚಾಗಿ ಅವಳ ಮುಖವನ್ನೇ ನೋಡಿದೆ. ಪರದೆಯ ಮೇಲೆ ಸಮುದ್ರ ಬಂದರೆ ಅವಳ ಕೆನ್ನೆ ನೀಲಿ, ಬೆಂಕಿ ಹೊತ್ತಿದರೆ ಕೆಂಪು. ಪಾಪ್‌ಕಾರ್ನ್ ಡಬ್ಬಿಯೊಳಗೆ ಓಡಾಡುವ ಕೈ ತಟ್ಟನೆ ನಿಂತರೆ ಕಥೆ ಹಿಡಿದಿದೆ ಎಂದರ್ಥ. ಕಾಲೆರಡೂ ಸೀಟಿನ ಮೇಲೆ ಬಂದರೆ ಹೆದರಿದ್ದಾಳೆ. "ಅಮ್ಮ, ನೀರು" ಎಂದರೆ ಕಥೆ ಸೊರಗಿದೆ. "ಅಮ್ಮ, ಒಂದಕ್ಕೆ" ಎಂದರೆ ಅಲ್ಲಿಗೆ ನಿರ್ದೇಶಕನ ಗತಿ ಮುಗಿಯಿತು.

ಮನೆಗೆ ಬಂದು ಅದನ್ನೇ ಬರೆದೆ. ಎಲ್ಲಿ ನಕ್ಕಳು, ಎಲ್ಲಿ ನನ್ನ ತೋಳು ಹಿಡಿದಳು, ಎಲ್ಲಿ ಹಿಂದಿನ ಸಾಲಿನವರನ್ನು ತಿರುಗಿ ನೋಡತೊಡಗಿದಳು. ಒಂದು ಕಡೆ ಕೂರದೆ ಸೀಟಿಂದ ಸೀಟಿಗೆ ಹಾರುತ್ತಿದ್ದುದರಿಂದ ಅವಳನ್ನು ಮಿಡತೆ ಎಂದು ಕರೆದೆ. ಸಂಪಾದಕರು ಅದನ್ನೋದಿ, "ಇದಕ್ಕೊಂದು ಶೀರ್ಷಿಕೆ ಹಾಕೋಣಮ್ಮ," ಎಂದು 'ಮಿಡತೆ ಏನಂದಳು?' ಎಂದು ಹಾಕಿದರು. ಅಂಕಣ ಹುಟ್ಟಿದ್ದು ಹೀಗೆ.

ಓದುಗರಿಗೆ ಅದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ನಾನು ಪ್ರತಿ ಸಲ ಕೊನೆಯಲ್ಲಿ ಸೇರಿಸುತ್ತಿದ್ದ ಒಂದು ಸೂಚನೆ. 'ಇಂಟರ್ವಲ್ ಆದ ಮೇಲೆ ಮುದಿ ರಾಜ ಒಬ್ಬನೇ ಕೂತು ಹಳೆಯದನ್ನು ನೆನೆಯುವ ದೃಶ್ಯವಿದೆ. ಮಕ್ಕಳನ್ನು ಬಾತ್‌ರೂಮಿಗೆ ಕರೆದೊಯ್ಯಲು ಅದೇ ಸೂಕ್ತ ಸಮಯ.' ಇದರಿಂದ ತಮಗೆ ಬಹಳ ಉಪಕಾರವಾಯಿತೆಂದು ಎಷ್ಟೋ ತಾಯಂದಿರು ಫೋನ್ ಮಾಡಿ ಹೇಳಿದರು.

ಮಗಳ ಅಪ್ಪನಿಗೆ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ವರ್ಷದ ಹೆಚ್ಚು ಕಾಲ ಅವರು ನೀರಿನ ಮೇಲೆ, ನಾವಿಬ್ಬರೇ ಮನೆಯಲ್ಲಿ. ಶುಕ್ರವಾರ ಶಾಲೆ ಬಿಟ್ಟ ಕೂಡಲೇ ಅವಳ ಸಮವಸ್ತ್ರ ಬದಲಿಸಿ, ಚೀಲಕ್ಕೆ ನೀರು, ಸ್ವೆಟರು ತುಂಬಿಕೊಂಡು ಹೊರಡುವುದು ನಮ್ಮ ವಾರದ ದೊಡ್ಡ ಕೆಲಸವಾಯಿತು. ಬಸ್ಸಿನಲ್ಲಿ ಬರುತ್ತ ಅವಳು ಇಡೀ ಕಥೆಯನ್ನು ಮೊದಲಿಂದ ಹೇಳುತ್ತಿದ್ದಳು. ನಾನು ಅದನ್ನು ನೋಡೇ ಇಲ್ಲವೇನೋ ಎಂಬಂತೆ. ಅವಳೆಣಿಸಿದ್ದು ಅಷ್ಟೇನೂ ತಪ್ಪಲ್ಲ.

ವರ್ಷಗಳು ಕಳೆದಂತೆ ಈ ಸಿನಿಮಾಗಳ ದೆಸೆಯೇ ತಿರುಗಿತು. ಇಳಿಮಧ್ಯಾಹ್ನದ ಖಾಲಿ ಆಟಕ್ಕೆ ಸೀಮಿತವಾಗಿದ್ದವು ಸಂಜೆಯ ಆಟಕ್ಕೆ ಬಂದವು, ಅಲ್ಲಿಂದ ದೊಡ್ಡ ಪರದೆಗೆ ಏರಿದವು. ಅಜ್ಜ ಅಜ್ಜಿಯರು ಬಂದರು. ಮಕ್ಕಳೇ ಇಲ್ಲದ ಜೋಡಿಗಳು ಬಂದವು. ಕಾಲೇಜಿನ ಹುಡುಗರು ಗುಂಪು ಕಟ್ಟಿಕೊಂಡು ಬಂದು ಮಕ್ಕಳಿಗಿಂತ ಜೋರಾಗಿ ಅತ್ತರು. ಹಲ್ಲುಜ್ಜುವ ಬ್ರಷ್‌ನಿಂದ ಹಿಡಿದು ಕೊಡೆಯ ತನಕ ಎಲ್ಲದರ ಮೇಲೂ ಅವೇ ಮುಖಗಳು. ಒಂದು ಕಾಲದಲ್ಲಿ ಮೂಗು ಮುರಿದಿದ್ದ ಸಿನಿಮಾ ವಿಭಾಗದ ಘನವಂತರು ಈಗ ಸಂಪಾದಕರ ಮೇಜಿನ ಸುತ್ತ ಸುಳಿದಾಡುತ್ತ, "ಆ ಪಾಸ್ ಏನಾದ್ರೂ ಒಂದು ಹೆಚ್ಚಿಗೆ ಇದೆಯಾ ಸರ್?" ಎನ್ನತೊಡಗಿದರು.

ಮಗಳು ಕೂಡ ಅಷ್ಟರಲ್ಲಿ ನನಗಿಂತ ಒಂದು ಬೆರಳು ಎತ್ತರವಾಗಿದ್ದಳು.

ಅವಳು ಆ ಮಾತು ತೆಗೆದಿದ್ದು ಒಗೆದ ಬಟ್ಟೆ ಮಡಚುವಾಗ. ಹಾಸಿಗೆಯ ಹೊದಿಕೆಯ ಎರಡು ತುದಿ ಅವಳ ಕೈಯಲ್ಲಿ, ಎರಡು ತುದಿ ನನ್ನ ಕೈಯಲ್ಲಿ.

"ಅಮ್ಮ, ಒಂದು ಹೇಳ್ತೀನಿ. ಬೇಜಾರು ಮಾಡ್ಕೋಬಾರ್ದು."

"ಮೊದ್ಲು ಹೇಳು. ಬೇಜಾರು ಮಾಡ್ಕೊಳ್ಳೋದು ಬಿಡೋದು ಆಮೇಲೆ."

"ನಾನಿನ್ನು ನಿನ್ನ ಜೊತೆ ಆ ಸಿನಿಮಾಗಳಿಗೆ ಬರಲ್ಲ. ಪೇಪರ್‌ನಲ್ಲಿ ನನ್ನ ಬಗ್ಗೆ ಬರೀಲೂ ಬೇಡ."

ಹೊದಿಕೆಯನ್ನು ಒಂದು ಸಲ ಜಾಡಿಸಿದೆವು. "ಯಾರಾದ್ರೂ ಏನಾದ್ರೂ ಅಂದ್ರಾ?" ಎಂದೆ.

"ಯಾರೂ ಏನೂ ಅಂದಿಲ್ಲ." ಹೊದಿಕೆಯ ತುದಿ ಹಿಡಿದು ನನ್ನ ಹತ್ತಿರ ಬಂದಳು, ತುದಿಗೆ ತುದಿ ಸೇರಿಸಿದಳು. ಆಮೇಲೆ ಅಲ್ಲೇ ನಿಂತಳು. "ಆ ತಿಮಿಂಗಿಲದ ಮರಿ ಸಿನಿಮಾದು ಬರೆದಿದ್ಯಲ್ಲ. 'ಮರಿಗೆ ಅಮ್ಮ ಸಿಕ್ಕಾಗ ನಮ್ಮ ಮಿಡತೆ ನನ್ನ ತೋಳಿಗೆ ಮುಖ ಒರೆಸಿಕೊಂಡಳು' ಅಂತ. ಅದನ್ನ ಕ್ಲಾಸಲ್ಲಿ ಒಬ್ಳು ಎದ್ದು ನಿಂತು ಓದಿದ್ಳು. ಈಗ ನಾನು ನೆಗಡಿ ಅಂತ ಮೂಗು ಒರೆಸಿದ್ರೂ ಎಲ್ಲರೂ ತೋಳು ಮುಂದೆ ಚಾಚ್ತಾರೆ. 'ತಗೋ ಮಿಡತೆ, ತೋಳು' ಅಂತಾರೆ."

ನನಗೆ ನಗು ಬಂದುಬಿಟ್ಟಿತು. ಅವಳು ನಗಲಿಲ್ಲ.

"ನೀನು ಅತ್ತಿದ್ದು ನಿಜ ತಾನೇ ಮಗಳೇ?"

"ನಿಜವೇ. ಆದ್ರೆ ನಾನು ಅತ್ತಿದ್ದು ನಿನ್ನ ಪಕ್ಕದಲ್ಲಿ ಕೂತ್ಕೊಂಡು. ಊರಿನವರ ಮುಂದೆ ಅತ್ತಿದ್ದಲ್ಲ."

ಹೊದಿಕೆಯನ್ನು ಅವಳ ಕೈಯಿಂದ ತೆಗೆದುಕೊಂಡು ಎದೆಗೆ ಒತ್ತಿ ಮಡಚಿದೆ. "ಆಯ್ತು. ಇನ್ಮೇಲೆ ನಿನ್ನನ್ನ ಪೇಪರ್‌ಗೆ ತರಲ್ಲ," ಎಂದೆ.

"ಖಂಡಿತ?"

"ಖಂಡಿತ ಕಣೇ."

ಅವಳು ನಂಬಿದಳು. ಮುಖ ಹಗುರಾಗಿ, ದಿಂಬಿನ ಚೀಲಗಳನ್ನೂ ತಾನೇ ಮಡಚಿಟ್ಟಳು. ನಾನು ಕೆಲಸವಿದೆ ಎಂದು ಅಡುಗೆಮನೆಗೆ ಹೋಗಿ, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ.

ಅದೇ ವಾರ ಸಂಪಾದಕರು ಕರೆಸಿದರು. ಅವರ ಮುಂದೆ ಪುಟವೊಂದರ ನಕ್ಷೆ ಹರಡಿತ್ತು.

"ಗಾಳಿ ಬಂದಾಗ ತೂರಿಕೊಳ್ಬೇಕು ನೋಡಮ್ಮ. ಇನ್ನು ನಿಮಗೆ ಅರ್ಧ ಕಾಲಂ ಅಲ್ಲ, ಪೂರ್ತಿ ಪುಟ. ಬಣ್ಣದಲ್ಲಿ. ಮೇಲ್ಗಡೆ ಮಿಡತೆ ಚಿತ್ರ. ಮೊದಲ್ನೇದು ಈ ಶುಕ್ರವಾರದ ನೀರಾನೆ ಸಿನಿಮಾ."

"ಸರ್, ಮಗಳು ಬೆಳೆದಳು. ಅವಳು ಬರೋದಿಲ್ಲ. ಅವಳ ಬಗ್ಗೆ ಇನ್ನು ಬರೆಯೋದೂ ಇಲ್ಲ."

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಬೆಳೆದ್ರೆ ಏನಂತೆ? ಮನೇಲಿ ಬೆಳೀಲಿ. ಪೇಪರ್‌ನಲ್ಲಿ ಯಾರೂ ಬೆಳೆಯಲ್ಲ."

"ಅವಳಿಗೆ ಮಾತು ಕೊಟ್ಟಿದ್ದೀನಿ ಸರ್."

"ಅಲ್ಲಮ್ಮ, ಕಥೆ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ ಅಂತ ನೂರು ಜನ ಬರೀತಾರೆ. ನಿಮ್ಮದನ್ನ ಯಾಕೆ ಓದ್ತಾರೆ? ಮಗು ಏನಂತು ಅಂತ ನೋಡೋಕೆ." ಪೆನ್ನಿನಿಂದ ಆಚೆಯ ಮೇಜಿನ ಕಡೆ ತೋರಿಸಿದರು. ಅಲ್ಲಿ ಕ್ರೀಡಾ ವಿಭಾಗದವರೊಬ್ಬರು ಕೂತಿದ್ದರು. ಅವರಿಗೆ ಅವಳಿ ಮಕ್ಕಳು. "ಆತ ದಿನಾ ಬಂದು ಕೇಳ್ತಾನೆ. ಒಂದು ಪಾಸ್‌ಗೆ ಎರಡು ನಗು ಕೊಡ್ತೀನಿ ಸರ್ ಅಂತಾನೆ. ನಾನೇ ತಡೆದಿಟ್ಟಿದ್ದೀನಿ. ನೀವು ಮೊದಲು ನೋಡಿ, ಬರೆದು ಕಳಿಸಿ. ಆಮೇಲೆ ಯೋಚನೆ ಮಾಡೋಣ."

ಪುಟ ಕೈಬಿಟ್ಟರೆ ಶುಕ್ರವಾರ ನನಗೆ ಹೋಗಲು ಜಾಗವಿರುವುದಿಲ್ಲ. ಮಾತು ಕೈಬಿಟ್ಟರೆ ಮನೆಯಲ್ಲಿ ಮಾತಾಡಲು ಜನವಿರುವುದಿಲ್ಲ. ಅವರು ಕೊಟ್ಟ ಎರಡು ಪಾಸುಗಳನ್ನೂ ಚೀಲಕ್ಕೆ ಹಾಕಿಕೊಂಡು ಬಂದೆ.

ಶುಕ್ರವಾರ ಒಬ್ಬಳೇ ಹೋದೆ. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡೆ. ಥಿಯೇಟರು ತುಂಬುತ್ತ ಬಂತು. ನಡುವೆ ಜಾಗವಿಲ್ಲದಂತೆ ಅಪ್ಪಂದಿರು, ಅಮ್ಮಂದಿರು, ಕೂಗಾಡುವ ಮಕ್ಕಳು, ಚೆಲ್ಲಿದ ಪಾಪ್‌ಕಾರ್ನ್. ಟಾರ್ಚು ಹಿಡಿದ ಸಿಬ್ಬಂದಿ ಬಂದು, "ಮೇಡಂ, ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಕೇಳಿದಳು. ಬರುವುದಿಲ್ಲ ಎನ್ನಲು ಒಂದು ಕ್ಷಣ ಹಿಡಿಯಿತು. ಚೀಲ ತೆಗೆದೆ. ಟಿಕೆಟ್ ಬೇರೆ ಬೇರೆ ಕಡೆ ಸಿಕ್ಕಿದ್ದ ಒಂದು ಕುಟುಂಬಕ್ಕೆ ಆ ಸೀಟು ಕೊಟ್ಟಳು. ಎರಡು ಜಡೆಯ ಸಣ್ಣ ಹುಡುಗಿಯೊಬ್ಬಳು ನನ್ನ ಪಕ್ಕ, ಅವಳಾಚೆ ಅವಳ ತಾಯಿ.

ಸೀಟು ಮಡಚಿಕೊಂಡು ಆ ಹುಡುಗಿಯನ್ನು ನುಂಗಲು ನೋಡಿತು. ನನ್ನ ಕೈ ತಾನಾಗಿ ಹೋಗಿ ಅದನ್ನು ಅದುಮಿ ಹಿಡಿಯಿತು.

ಸಿನಿಮಾ ಒಂದು ನೀರಾನೆಯದು. ಅವಳು ಪಟ್ಟಣದ ಮೂಲೆಯಲ್ಲೊಂದು ಕ್ಷೌರದಂಗಡಿ ಇಟ್ಟಿದ್ದಾಳೆ. ಸಿಂಹ, ಕರಡಿ, ಒಂಟೆ, ಎಲ್ಲರ ಜುಟ್ಟೂ ಅವಳ ಕೈಯಲ್ಲೇ. ಅವಳ ತಲೆಯಲ್ಲಿ ಮಾತ್ರ ಒಂದು ಕೂದಲೂ ಇಲ್ಲ. ಇಷ್ಟು ನನಗೆ ಕಿವಿಯಿಂದ ಗೊತ್ತಾಯಿತು. ಕಣ್ಣು ಅಭ್ಯಾಸಬಲದಿಂದ ಎಡಕ್ಕೇ ತಿರುಗಿತ್ತು. ಹುಡುಗಿಯ ಕೆನ್ನೆ ಹಳದಿಯಾಯಿತು: ಸಿಂಹ ಬಂದಿರಬೇಕು. ಡಬ್ಬಿಯೊಳಗಿನ ಕೈ ನಿಂತಿತು. ಒಳ್ಳೆಯದು. ಜಡೆಯ ತುದಿ ಬಾಯಿಗೆ ಹೋಯಿತು. ನನ್ನ ಮಗಳು ಹೀಗೆ ಮಾಡುತ್ತಿರಲಿಲ್ಲ. ಇದರ ಅರ್ಥವೇನಿರಬಹುದು ಎಂದು ಇನ್ನಷ್ಟು ಬಾಗಿ ನೋಡಿದೆ.

"ರೀ," ಎಂದಳು ತಾಯಿ, ಮಗುವಿನ ತಲೆಯ ಮೇಲಿನಿಂದ. "ಏನಾಗ್ಬೇಕಿತ್ತು ನಿಮಗೆ? ಆಗ್ಲಿಂದ ನೋಡ್ತಿದ್ದೀನಿ, ನನ್ನ ಮಗೂನೇ ನೋಡ್ತಿದ್ದೀರಲ್ಲ?"

"ಇಲ್ಲ, ನಾನು... ನಾನು ಪೇಪರ್‌ಗೆ ಸಿನಿಮಾ ವಿಮರ್ಶೆ ಬರೆಯೋಳು."

"ಹಾಗಿದ್ರೆ ಸಿನಿಮಾ ಆ ಕಡೆ ನಡೀತಿದೆ. ಅಲ್ಲಿ ನೋಡಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಾಯಿ ಮಗುವನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು, ಒಂದು ತೋಳಿನಿಂದ ನನಗೆ ಮರೆ ಮಾಡಿದಳು. ಅವಳದು ತಪ್ಪಲ್ಲ, ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಮುಖಕ್ಕೆ ಬೆಂಕಿ ಬಿದ್ದಂತಾಗಿ ನಾನು ಎದ್ದೆ. ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಮಾತ್ರ ಸೀಟುಗಳು ಖಾಲಿ ಇದ್ದವು, ಕತ್ತು ನೋಯುತ್ತದೆಂದು ಯಾರೂ ಕೂರದ ಜಾಗ. ಬಗ್ಗಿಕೊಂಡು ಹೋಗಿ ಅಲ್ಲಿ ಕೂತೆ.

ಅಲ್ಲಿ ನೋಡಲು ಪರದೆಯ ಹೊರತು ಬೇರೇನೂ ಇರಲಿಲ್ಲ.

ನಾನು ಎಷ್ಟೋ ಸಿನಿಮಾಗಳ ಬಗ್ಗೆ ಬರೆದಿದ್ದೆ, ಆದರೆ ಸಿಂಹದ ಕೇಸರದಲ್ಲಿ ಒಂದೊಂದು ಕೂದಲೂ ಬೇರೆ ಬೇರೆಯಾಗಿ ಗಾಳಿಗೆ ಅಲುಗುತ್ತದೆಂದು ನನಗೆ ಗೊತ್ತಿರಲಿಲ್ಲ. ಒದ್ದೆ ಕೂದಲಿನ ಬಣ್ಣವೇ ಬೇರೆ, ಒಣಗಿದ ಕೂದಲಿನದೇ ಬೇರೆ. ಒಂಟೆಯ ಕತ್ತಿಗೆ ಕಟ್ಟಿದ ಬಿಳಿ ಬಟ್ಟೆಯ ಮೇಲೆ ಉದುರಿದ ಕೂದಲು ಜಾರಿ ಜಾರಿ ಬೀಳುತ್ತಿತ್ತು. ಯಾರೋ ಎಲ್ಲೋ ಇದಕ್ಕಾಗಿ ವರ್ಷಗಟ್ಟಲೆ ಕೂತಿದ್ದಾರೆ ಎನಿಸಿತು.

ಇಂಟರ್ವಲ್ ಆದ ಮೇಲೆ ಒಂದು ದೃಶ್ಯ ಬಂತು. ಅಂಗಡಿ ಮುಚ್ಚುವ ಹೊತ್ತು. ಗಿರಾಕಿಗಳು ಹೋಗಿದ್ದಾರೆ. ನೀರಾನೆ ಒಬ್ಬಳೇ ನೆಲ ಗುಡಿಸುತ್ತಿದ್ದಾಳೆ. ಹಳದಿ, ಕಪ್ಪು, ಕಂದು, ಬಿಳಿ, ದಿನವಿಡೀ ಕತ್ತರಿಸಿದ ಕೂದಲೆಲ್ಲ ಒಂದು ಗುಡ್ಡೆಯಾಗುತ್ತದೆ. ಅವಳು ಬಾಗಿ ಒಂದು ಹಿಡಿ ಎತ್ತಿಕೊಳ್ಳುತ್ತಾಳೆ. ಬಾಗಿಲ ಕಡೆ ನೋಡುತ್ತಾಳೆ. ಕನ್ನಡಿಯ ಮುಂದೆ ನಿಂತು ಅದನ್ನು ಬೋಳು ತಲೆಯ ಮೇಲೆ ಇಟ್ಟುಕೊಂಡು, ಕತ್ತನ್ನು ಆ ಕಡೆ ಈ ಕಡೆ ಓಲಿಸಿ ನೋಡುತ್ತಾಳೆ. ನಗುವುದಿಲ್ಲ, ಅಳುವುದೂ ಇಲ್ಲ. ಆಮೇಲೆ ಅದನ್ನು ಕಸದ ಬುಟ್ಟಿಗೆ ಹಾಕಿ, ಕೈ ಕೊಡವಿ, ದೀಪ ಆರಿಸುತ್ತಾಳೆ. ಒಂದು ಮಾತಿಲ್ಲ, ಸಂಗೀತವೂ ಇಲ್ಲ.

ನನ್ನ ಹಿಂದೆ ಇಡೀ ಥಿಯೇಟರು ಗುಜುಗುಜು ಎನ್ನುತ್ತಿತ್ತು. "ಅಮ್ಮ, ನೀರು." "ಅಪ್ಪ, ಇನ್ನೂ ಎಷ್ಟೊತ್ತು?" ಪ್ಲಾಸ್ಟಿಕ್ ಪೊಟ್ಟಣಗಳ ಸದ್ದು. ಮಕ್ಕಳನ್ನು ಎಳೆದುಕೊಂಡು ಅಮ್ಮಂದಿರು ಬಾಗಿಲ ಕಡೆ ಹೋಗುತ್ತಿದ್ದರು. ನಾನು ವರ್ಷಗಟ್ಟಲೆ ಅವರಿಗೆ ಹೇಳಿಕೊಟ್ಟಿದ್ದು ಇದನ್ನೇ. ಎಲ್ಲ ಸಿನಿಮಾಗಳಲ್ಲೂ ಇಂಥದ್ದೊಂದು ದೃಶ್ಯ ಇದ್ದಿರಬೇಕು. ಆ ಮುದಿ ರಾಜ ಒಬ್ಬನೇ ಕೂತು ಏನನ್ನು ನೆನೆಯುತ್ತಿದ್ದನೋ, ನನಗೆ ಗೊತ್ತಿಲ್ಲ. ಆಗ ನಾನು ಬಾತ್‌ರೂಮಿನ ಬಾಗಿಲ ಹೊರಗೆ ಸ್ವೆಟರು ಹಿಡಿದು ನಿಂತಿದ್ದೆ.

ಸಿನಿಮಾ ಮುಗಿದರೂ ಕೂತಿದ್ದೆ. ಹೆಸರುಗಳು ಮೇಲೇರುತ್ತ ಹೋದವು, ಸಾವಿರಾರು. ಕೊನೆಯ ಹತ್ತಿರ ಬರಿಯ ಮಕ್ಕಳ ಹೆಸರುಗಳು ಬಂದವು. ಸಿನಿಮಾ ತಯಾರಾಗುತ್ತಿದ್ದ ವರ್ಷಗಳಲ್ಲಿ ಅಲ್ಲಿ ಕೆಲಸ ಮಾಡುವವರ ಮನೆಗಳಲ್ಲಿ ಹುಟ್ಟಿದ ಮಕ್ಕಳಂತೆ. ಅವರನ್ನೂ ಯಾರೂ ಕೇಳಿ ಹಾಕಿರಲಾರರು. ಪೊರಕೆ ಹಿಡಿದ ಹೆಂಗಸೊಬ್ಬಳು ಹಿಂದಿನಿಂದ ಗುಡಿಸಿಕೊಂಡು ಬಂದು, "ಏನಾದ್ರೂ ಕಳ್ಕೊಂಡ್ರಾ ಅಕ್ಕ?" ಎಂದು ಕೇಳಿದಳು. ಇಲ್ಲವೆಂದು ಎದ್ದು ಬಂದೆ.

ಮಾರನೆಯ ಬೆಳಿಗ್ಗೆ ಬರೆಯಲು ಕೂತೆ. ಒಂದು ಕಡೆ ವಾಷಿಂಗ್ ಮಷೀನು ನಡುಗುತ್ತಿತ್ತು, ಇನ್ನೊಂದು ಕಡೆ ಹಾಲು ಒಲೆಯ ಮೇಲಿತ್ತು. ಕೇಸರದ ಬಗ್ಗೆ ಬರೆದೆ. ಕೂದಲಿದ್ದವಳು ತುರುಬು ಹೇಗೆ ಕಟ್ಟಿದರೂ ಚೆಂದ ಎನ್ನುತ್ತಾರೆ, ಇದು ಕೂದಲೇ ಇಲ್ಲದವಳ ಕಥೆ ಎಂದು ಬರೆದೆ. ಗುಡಿಸುವ ದೃಶ್ಯದ ಬಗ್ಗೆ ಒಂದು ಪೂರ್ತಿ ಪ್ಯಾರಾ ಬರೆದು, 'ಆಗ ನಿಮ್ಮ ಮಕ್ಕಳು ಹೊರಗೆ ಹೋಗಬೇಕೆಂದರೆ ಸ್ವಲ್ಪ ತಡೆದುಕೊಳ್ಳಲು ಹೇಳಿ. ತಡೆಯಲಾಗದಿದ್ದರೆ ಅಪ್ಪನ ಜೊತೆ ಕಳಿಸಿ, ನೀವು ಕೂತಿರಿ' ಎಂದು ಸೇರಿಸಿದೆ. ಮಿಡತೆ ಎಲ್ಲೂ ಇರಲಿಲ್ಲ. ಕಳಿಸಿ ನೋಡುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ತುಂಬಿತ್ತು.

ಭಾನುವಾರ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಮಗಳು ಪತ್ರಿಕೆ ತೆಗೆದಳು. ನಾನು ಒಳಗೆ ಬರುವ ಹೊತ್ತಿಗೆ ಪುರವಣಿ ನನ್ನ ಲೋಟದ ಪಕ್ಕ ಮಡಚಿ ಇಟ್ಟಿತ್ತು.

"ಖಂಡಿತ ಅಂದಿದ್ದೆ," ಎಂದಳು.

ಬಣ್ಣದ ಪುಟ. ಮೇಲೆ ಹಸಿರು ಮಿಡತೆಯೊಂದು ಪಾಪ್‌ಕಾರ್ನ್ ಹಿಡಿದು ಕೂತಿತ್ತು. ನಡುವೆ ದಪ್ಪಕ್ಷರದಲ್ಲಿ: 'ಸಿಂಹದ ಜುಟ್ಟಿಗೆ ಕತ್ತರಿ ಬಿದ್ದಾಗ ನಮ್ಮ ಮಿಡತೆ ಸೀಟಿನ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟಿದಳು!'

"ಇದು ನಾನು ಬರೆದಿದ್ದಲ್ಲ ಮಗಳೇ."

"ಮೇಲೆ ನಿನ್ನ ಹೆಸರಿದೆ."

ಕಳಿಸಿದ್ದನ್ನು ಫೋನಿನಲ್ಲಿ ತೆಗೆದು ತೋರಿಸಿದೆ. ಅವಳು ನಿಂತಲ್ಲೇ ಮೊದಲಿಂದ ಕೊನೆಯ ತನಕ ಓದಿದಳು. ಓದುತ್ತ ಅವಳ ಹುಬ್ಬು ಸಡಿಲವಾಗಿದ್ದನ್ನು ನಾನು ಕಂಡೆ. ಅವಳ ಮುಖ ಓದುವುದರಲ್ಲಿ ನಾನು ತಪ್ಪುವವಳಲ್ಲ.

"ಸರಿ, ನೀನು ಬರೆದಿಲ್ಲ," ಎಂದಳು ಫೋನು ಹಿಂತಿರುಗಿಸುತ್ತ. "ಆದ್ರೆ ನಾಳೆ ನಾನು ಈ ಫೋನ್ ಹಿಡ್ಕೊಂಡು ಬೆಂಚ್ ಬೆಂಚ್‌ಗೂ ಹೋಗಿ ತೋರಿಸ್ಲಾ ಅಮ್ಮ? ಸೀಟ್ ಮೇಲೆ ಹತ್ತಿ ನಿಂತಳಂತೆ! ಈ ವಯಸ್ಸಲ್ಲಿ!"

ಕೋಣೆಗೆ ಹೋದಳು. ಬಾಗಿಲು ಮೆತ್ತಗೆ ಹಾಕಿಕೊಂಡಳು. ದಡಾರನೆ ಬಡಿದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಂದಳು, "ಉಪ್ಪು" ಎಂದು ಕೇಳಿ ತೆಗೆದುಕೊಂಡಳು, ತಟ್ಟೆ ತೊಳೆದಿಟ್ಟಳು. ಸಂಜೆ ಹಡಗಿನಿಂದ ಫೋನು ಬಂತು. "ಏನು ವಿಶೇಷ?" ಎಂದರು ಅವರು ಎಂಜಿನಿನ ಗದ್ದಲದ ನಡುವೆ. "ಏನಿಲ್ಲ," ಎಂದೆ ನಾನು. "ಏನಿಲ್ಲ," ಎಂದಳು ಅವಳೂ. ಅವರು ಸಂತೋಷದಿಂದ ಫೋನಿಟ್ಟರು.

ಸೋಮವಾರ ಕಚೇರಿಗೆ ಹೋದೆ. ಸಂಪಾದಕರು ಎದ್ದು ನಿಂತು ಸ್ವಾಗತಿಸಿದರು. "ಬನ್ನಿ ಬನ್ನಿ! ಪುಟ ನೋಡಿದ್ರಾ? ಫೋನ್ ಮೇಲೆ ಫೋನ್!"

"ಆ ಸಾಲು ಯಾರು ಸೇರಿಸಿದ್ದು ಸರ್?"

"ಯಾವ್ದು, ಚಪ್ಪಾಳೇನಾ? ನಾನೇ. ಶೀರ್ಷಿಕೆ 'ಮಿಡತೆ ಏನಂದಳು' ಅಂತಿದೆ, ಒಳಗೆ ಮಿಡತೇನೇ ಇಲ್ಲ. ಮದುಮಗಳಿಲ್ಲದ ಮದುವೆ ಆಗುತ್ತಲ್ಲಮ್ಮ."

"ಅವಳು ಸಿನಿಮಾಗೆ ಬಂದಿರಲಿಲ್ಲ. ಒಂದು ತಿದ್ದುಪಡಿ ಹಾಕಿ ಸರ್."

ಅವರು ನಕ್ಕರು. ನಾನು ನಗದಿದ್ದುದನ್ನು ಕಂಡು ಕೂತರು. "ದೊಡ್ಡ ದೊಡ್ಡವರು ಹೇಳಿದ್ದನ್ನ ತಪ್ಪಾಗಿ ಹಾಕಿದಾಗ್ಲೇ ನಾವು ತಿದ್ದುಪಡಿ ಹಾಕಲ್ಲ. ಒಂದು ಮಿಡತೆಯ ಚಪ್ಪಾಳೆಗೆ ಹಾಕ್ಬೇಕಾ? ಯಾರಿಗೆ ಏನು ನಷ್ಟ ಆಯ್ತು ಹೇಳಿ."

"ನನ್ನ ಮಗಳಿಗೆ."

"ಅಲ್ಲಮ್ಮ, ಯೋಚನೆ ಮಾಡಿ. ಅವಳು ಬಂದೇ ಇರಲಿಲ್ಲ ಅಂತ ಹಾಕಿದ್ರೆ ಓದೋರು ಏನಂತಾರೆ? ಇಷ್ಟು ವರ್ಷದ್ದೂ ಹೀಗೇ ಕಿವಿಗೆ ಹೂವಿಟ್ಟಿದ್ದಾ ಅಂತಾರೆ. ಆಮೇಲೆ ಈ ಪುಟವನ್ನ ನಿಮ್ಮ ಹೆಸರಲ್ಲಿ ನಡೆಸೋದು ಹೇಗೆ?"

"ಪುಟ ಅವಳಿ ಮಕ್ಕಳ ಅಪ್ಪನಿಗೆ ಕೊಡಿ. ತಿದ್ದುಪಡಿ ಮಾತ್ರ ಹಾಕಿ."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದರು. ಕೆಟ್ಟ ಮನುಷ್ಯರಲ್ಲ. ಮಗಳಿಗೆ ಜ್ವರ ಬಂದಾಗಲೆಲ್ಲ ನನ್ನ ಬರಹಕ್ಕೆ ಒಂದು ದಿನ ಹೆಚ್ಚು ಕಾದವರು.

"ಒಂದು ಮಾತು ಹೇಳ್ಲಾ? ನೀವು ಈ ಸಲ ಬರೆದಿದ್ದು ಮೊದಲಿನ ಹಾಗಿರಲಿಲ್ಲ. ಆ ನೀರಾನೆ ನೆಲ ಗುಡಿಸೋದು ಬರೆದಿದ್ದಿರಲ್ಲ, ಎರಡು ಸಲ ಓದಿದೆ."

"ಓದುಗರೂ ಏನಾದ್ರೂ ಅಂದ್ರಾ ಸರ್?"

"ಓದುಗರಿಗೆ ಎಲ್ಲಿ ಸಿಕ್ತು?" ಅವರು ಕನ್ನಡಕವನ್ನು ಬೆಳಕಿಗೆ ಹಿಡಿದರು. "ಅದನ್ನ ತೆಗೆದೆನಲ್ಲ. ಚಪ್ಪಾಳೆಗೆ, ಚಿತ್ರಕ್ಕೆ ಜಾಗ ಬೇಕಿತ್ತು."

ಆ ಒಂದು ಸಾಲಿನಾಚೆ ನಾನು ಪುಟವನ್ನು ಓದಿರಲೇ ಇಲ್ಲ.

ಮುಂದಿನ ಭಾನುವಾರ ಬಣ್ಣದ ಪುಟಕ್ಕೆ ಹೊಸ ಹೆಸರು ಬಂದಿತ್ತು, ಮೇಲೆ ಎರಡು ಪುಟ್ಟ ಮುಖಗಳ ಚಿತ್ರ. ಇಬ್ಬರೂ ಒಟ್ಟಿಗೆ ನಕ್ಕಿದ್ದರು. ತಿದ್ದುಪಡಿಗಾಗಿ ನಾನು ಪುರವಣಿಯನ್ನು ಮೂರು ಸಲ ತಿರುವಿದೆ. ಕೊನೆಗೆ ಮಗಳೇ ಕಂಡುಹಿಡಿದಳು. ಬೋರ್‌ವೆಲ್ ಮೋಟಾರಿನ ಜಾಹೀರಾತಿನ ಕೆಳಗೆ, ಇರುವೆಯ ಸಾಲಿನಂಥ ಅಕ್ಷರದಲ್ಲಿ ಇತ್ತು. ಅವಳು ಗಂಟಲು ಸರಿಮಾಡಿಕೊಂಡು ಜೋರಾಗಿ ಓದಿದಳು:

"'ಕಳೆದ ವಾರದ ಚಿತ್ರವಿಮರ್ಶೆಯಲ್ಲಿ ವಿಮರ್ಶಕಿಯ ಮಗಳು ಸೀಟಿನ ಮೇಲೆ ನಿಂತು ಚಪ್ಪಾಳೆ ತಟ್ಟಿದಳೆಂದು ಪ್ರಕಟವಾಗಿತ್ತು. ಆಕೆ ಚಿತ್ರವನ್ನು ನೋಡಿಲ್ಲ, ಚಪ್ಪಾಳೆ ತಟ್ಟಿಲ್ಲ. ಇದಕ್ಕಾಗಿ ವಿಷಾದಿಸುತ್ತೇವೆ.'" ಪತ್ರಿಕೆ ಕೆಳಗಿಟ್ಟಳು. "ನಾನು ಚಪ್ಪಾಳೆ ತಟ್ಟಲಿಲ್ಲ ಅಂತ ಇವರಿಗೆ ಯಾಕಮ್ಮ ಇಷ್ಟು ದುಃಖ?"

ಇಬ್ಬರೂ ನಕ್ಕೆವು. ಆ ವಾರವಿಡೀ ಮನೆಯಲ್ಲಿ ನಕ್ಕಿದ್ದು ಅದೇ ಮೊದಲು. ನಗುತ್ತ ನಗುತ್ತ ಅವಳು ಆ ಸಣ್ಣ ಚೂರನ್ನು ಕತ್ತರಿಸಿ ಪೆನ್ಸಿಲ್ ಡಬ್ಬಿಯೊಳಗೆ ಹಾಕಿಕೊಂಡಳು. "ಬೆಂಚ್ ಬೆಂಚ್‌ಗೂ ಇದನ್ನ ತೋರಿಸ್ತೀನಿ," ಎಂದಳು. ಆಮೇಲೆ ಬಣ್ಣದ ಪುಟದ ಕಡೆ ಅವಳ ಕಣ್ಣು ಹೋಯಿತು, ಆ ಎರಡು ಮುಖಗಳ ಕಡೆ.

"ಪುಟ ಕಿತ್ಕೊಂಡ್ರಾ ಅಮ್ಮ?"

"ಕಿತ್ಕೊಂಡಿಲ್ಲ. ನಾನೇ ಕೊಟ್ಟೆ."

"ನನ್ನಿಂದಾನಾ?"

"ಅಲ್ಲ ಕಣೇ. ಅವರಿಗೆ ನಗೋರು ಬೇಕಿತ್ತು. ನಮ್ಮನೇಲಿ ಈಗ ಅಷ್ಟು ಸ್ಟಾಕ್ ಇಲ್ಲ."

ಅವಳು ಎದ್ದು ಬಂದು, ಹಿಂದಿನಿಂದ ನನ್ನ ಭುಜದ ಮೇಲೆ ಗಲ್ಲ ಊರಿ ಒಂದು ಕ್ಷಣ ನಿಂತಳು. ಅಷ್ಟರಲ್ಲಿ ಕೆಳಗಿನಿಂದ ಗೆಳತಿಯರು ಕೂಗಿದರು. ಶೂ ಕಟ್ಟಿಕೊಂಡು ಓಡಿದಳು. ಮೆಟ್ಟಿಲ ಮೇಲೆ ಅವಳ ನಗು ಇಳಿದು ಹೋಗುವುದು ಕೇಳಿಸಿತು. ಯಾವುದಕ್ಕೆ ನಕ್ಕಳೆಂದು ನನಗೆ ತಿಳಿಯಲಿಲ್ಲ.

ಶುಕ್ರವಾರ ಬಂತು. ಮಗಳಿಗೆ ಶಾಲೆಯಲ್ಲಿ ಆಟದ ಅಭ್ಯಾಸ. ಕಟ್ಟೆ ಒರೆಸಿ ಆಯಿತು, ಬಟ್ಟೆ ಮಡಚಿ ಆಯಿತು. ಹೊಸ ಸಿನಿಮಾ ಬಂದಿದೆಯೆಂದು ಬಸ್ಸುಗಳ ಬೆನ್ನ ಮೇಲೆಲ್ಲ ಚಿತ್ರವಿತ್ತು. ಪಾಸು ಇರಲಿಲ್ಲ. ಸೀರೆ ಬದಲಿಸಿ ಹೊರಟೆ. ನೀರು, ಸ್ವೆಟರು ಇಲ್ಲದ ಚೀಲ ಭುಜಕ್ಕೆ ಹಗುರವಾಗಿ, ನಡೆಯುವಾಗ ಆಗಾಗ ಜಾರುತ್ತಿತ್ತು.

ಕ್ಯೂ ರಸ್ತೆಯ ತನಕ ಬಂದಿತ್ತು. ಗಾಜಿನ ಹಿಂದೆ ಎಳೆಯ ಹುಡುಗಿಯೊಬ್ಬಳು ಟಿಕೆಟ್ ಕೊಡುತ್ತಿದ್ದಳು.

"ಎಷ್ಟು ಮೇಡಂ?"

"ಒಂದು."

"ದೊಡ್ಡವರು?"

"ಒಬ್ಬಳೇ. ನಾನೇ."

ಅವಳು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಸಣ್ಣ ಸಣ್ಣ ಚೌಕಗಳು, ತುಂಬಿದವು ಕೆಂಪು, ಖಾಲಿಯವು ಹಸಿರು. "ಎಲ್ಲಿ ಬೇಕು?"

ಇಷ್ಟು ವರ್ಷ ನಾವು ಕೂತಿದ್ದು ಬಾಗಿಲ ಹತ್ತಿರ, ಸಾಲಿನ ತುದಿಯಲ್ಲಿ. ಮಗುವನ್ನು ಕರೆದುಕೊಂಡು ಓಡಲು ಅದೇ ಅನುಕೂಲ. ಅದಕ್ಕೆ ಮುಂಚೆ, ಮದುವೆಯಾದ ಹೊಸತರಲ್ಲಿ, ಅವರು ತೋರಿಸಿದ ಕಡೆ ಕೂರುತ್ತಿದ್ದೆ. ಅದಕ್ಕೂ ಮುಂಚೆ ಅಕ್ಕಂದಿರ ನಡುವೆ ಒತ್ತಿಕೊಂಡು. ನನಗೆ ಎಲ್ಲಿ ಕೂತು ಸಿನಿಮಾ ನೋಡುವುದು ಇಷ್ಟವೆಂದು ಯೋಚಿಸಿ ನೋಡಿದೆ. ಹೊಳೆಯಲಿಲ್ಲ.

"ಬೇಗ ಹೇಳಿ ಮೇಡಂ, ಹಿಂದೆ ಜನ ಇದ್ದಾರೆ."

"ನೀನಾಗಿದ್ರೆ ಎಲ್ಲಿ ಕೂರ್ತಿದ್ದೆಯಮ್ಮ?"

"ನಾನಾ?" ಹುಡುಗಿ ಮೊದಲ ಸಲ ತಲೆಯೆತ್ತಿದಳು. "ನಾನು ಒಳಗೆ ಹೋಗಿ ನೋಡೇ ಇಲ್ಲ ಮೇಡಂ. ಆಟ ಶುರುವಾದಾಗ ಇಲ್ಲೇ ಇರ್ತೀನಲ್ಲ."

ಹಿಂದಿನಿಂದ ಒಂದು ಮಗು, "ಅಪ್ಪ, ಶುರುವಾಗೋಯ್ತು!" ಎಂದು ಅಳತೊಡಗಿತು. ನಾನು ಗಾಜಿನ ಮೇಲೆ ಬೆರಳಿಟ್ಟು, ನಡುವಿನ ಸಾಲಿನಲ್ಲಿ ಎರಡು ಕುಟುಂಬಗಳ ಮಧ್ಯೆ ಉಳಿದಿದ್ದ ಒಂದು ಹಸಿರು ಚೌಕವನ್ನು ತೋರಿಸಿದೆ.